ಎರಡಕ್ಕೂ ಒಂದೇ ಗುಂಡು

ಮೊಂಟಾನಾ, ಮೇ ೯

ಪ್ರೀತಿಯ ಅಪ್ಪ,

ಇವತ್ತು ಬೆಳಿಗ್ಗೆ ಇಂಗೆಬೋರ್ಗ್ ಅತ್ತೆ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲ ಮಣಿಕಟ್ಟು ಊದಿದೆ. ನಿನ್ನೆ ತೋಳದಂಥ ಕಯೋಟಿಯೊಂದು ಕುರಿಮರಿಯನ್ನು ಕಚ್ಚಿಕೊಂಡು ಹೋಗುವಾಗಲೂ ಸೊಂಟದಲ್ಲಿದ್ದ .೪೪ ರಿವಾಲ್ವರನ್ನು ಅವರು ಎತ್ತಲಿಲ್ಲ. "ದೂರ ಇತ್ತು ಕಣೇ" ಅಂದರು. ಮೂವತ್ತು ಹೆಜ್ಜೆಯೂ ಇರಲಿಲ್ಲ.

ಅತ್ತೆಯ ರಿವಾಲ್ವರಿಗೂ ನನ್ನ ರೈಫಲಿಗೂ ಒಂದೇ ಗುಂಡು ಇರಲೆಂದು ನೀವು ನನಗೆ .೪೪ರ ಲೀವರ್ ರೈಫಲ್ ಕೊಳ್ಳುವುದಾಗಿ ಬರೆದಿದ್ದೀರಿ. ನೆರೆಯ ಥರ್ಮನ್ ಬಳಿ .೪೪, ಅದಕ್ಕಿಂತ ಸಣ್ಣ ಗುಂಡಿನ .೩೫೭ ಎರಡೂ ರೈಫಲುಗಳಿವೆ. ಎರಡನ್ನೂ ಹಾರಿಸಿ ನೋಡಿದೆ. ರಿವಾಲ್ವರಿಗಿಂತ ರೈಫಲಿನ ಉದ್ದ ನಳಿಗೆಯಲ್ಲಿ .೩೫೭ ಗುಂಡಿಗೆ ವೇಗ ಹೆಚ್ಚಂತೆ, ಕಯೋಟಿಗೆ ಧಾರಾಳ ಸಾಕು. ಅದರಲ್ಲೇ ಮೆತ್ತಗಿನ .೩೮ ಗುಂಡನ್ನೂ ಹಾಕಬಹುದು, ಹೆಸರಲ್ಲಷ್ಟೇ ಅದು ದೊಡ್ಡದು; ಹಾರಿಸಿದಾಗ ಕೈಗೆ ಬೀಳುವ ಒದೆತ ಬಹಳ ಕಡಿಮೆ. ನಾನು ಬರೆದುಕೊಳ್ಳುತ್ತಿದ್ದುದನ್ನು ಕಂಡು ಥರ್ಮನ್, "ಪುಸ್ತಕಕ್ಕೆ ಬರೆಯೋ ಹಾಗೆ ಗುಂಡಿಗೂ ವಿಮರ್ಶೆ ಬರೀತೀಯೇನಮ್ಮಾ?" ಎಂದು ನಕ್ಕ.

ಆದ್ದರಿಂದ .೩೫೭ ರೈಫಲನ್ನೇ ಕೊಳ್ಳಿ. ಬರುವಾಗ ಕಪಾಟಿನಲ್ಲಿರುವ ನಿಮ್ಮ ಹಳೆಯ .೩೫೭ ರಿವಾಲ್ವರನ್ನೂ ಅತ್ತೆಗೆ ತನ್ನಿ, ಆಗಲೂ ಎರಡಕ್ಕೂ ಒಂದೇ ಗುಂಡಾಗುತ್ತದೆ. ಕೈ ಸೋತ ದಿನ ಮಂದೆ ಮಾರುತ್ತೇನೆ ಎಂದವರು ಅವರು, ನಿಜಕ್ಕೂ ಮಾರಿಬಿಡುತ್ತಾರೆ. .೪೪ರ ಒದೆತವನ್ನು ನನ್ನ ಭುಜಕ್ಕೆ ತಡೆದುಕೊಳ್ಳಲಾಗಲಿಲ್ಲ ಎಂದು ಅವರಿಗೆ ಹೇಳಲಿದ್ದೇನೆ. ನೀವೂ ಹಾಗೆಯೇ ಹೇಳಿ, ಅವರ ಮಣಿಕಟ್ಟಿನ ಮಾತು ಎತ್ತಬೇಡಿ.

ನಿಮ್ಮ ಮಗಳು,
ಸಿಗ್ನೆ