ತೆಳ್ಳಗಿನ ಇಲಿಗಳ ಮನೆತನ

ಅಕ್ಕಾ,

ಸುಖವಾಗಿ ಬಂದು ಕೆಲಸಕ್ಕೆ ಸೇರಿದೆ, ತಲೆ ಮಾತ್ರ ಗಿರ್ರೆನ್ನುತ್ತಿದೆ. ಪ್ರಯೋಗಾಲಯದ ಇಲಿಗಳಿಗೆ ಊಟ ಹಾಕಿ ಗೂಡು ತೊಳೆಯುವ ಕೆಲಸ ನನ್ನದು. ಕಿಟಕಿಯೇ ಇಲ್ಲದ ಕೋಣೆ. ಅಕ್ಕಪಕ್ಕದಲ್ಲಿ ಎರಡು ಮನೆತನದ ಬಿಳಿ ಇಲಿಗಳು, ಒಂದು ಗುಂಡಗೆ, ಇನ್ನೊಂದು ತೆಳ್ಳಗೆ. ಸಕ್ಕರೆ ಕಾಯಿಲೆಯ ಸಂಶೋಧನೆ ಎಂದರು. ನಾನು ಅಮ್ಮನ ಮಗಳಲ್ಲವೇ, ಯಾರೂ ಹೇಳದೆಯೇ ಗುಂಡಗಿದ್ದವಕ್ಕೆ ಅರ್ಧ ಊಟ ಹಾಕಿದೆ. ಸಂಶೋಧನೆ ನಡೆಸುವ ಮೇಡಂ ನೋಡಿ ಹೌಹಾರಿದರು.

“ಯಾಕ್ರೀ ಇವಕ್ಕೆ ಊಟ ಕಮ್ಮಿ ಹಾಕಿದ್ರಿ?”

“ಪಥ್ಯ, ಮೇಡಂ.”

“ಅಯ್ಯೋ, ಇವು ಗಟ್ಟಿಮುಟ್ಟಾಗಿವೆ ಕಣ್ರೀ! ಕಾಯಿಲೆ ಇರೋದು ಆ ತೆಳ್ಳಗಿನವಕ್ಕೆ. ಸಕ್ಕರೆ ಜಾಸ್ತಿ ಇದ್ದವನ್ನೇ ಆರಿಸಿ, ಅಣ್ಣ-ತಂಗೀನೇ ಜೋಡಿ ಮಾಡ್ತಾ ತಲೆಮಾರುಗಟ್ಟಲೆ ಬೆಳೆಸಿದ್ದಾರೆ. ಅವಕ್ಕೆ ರಕ್ತದಲ್ಲೇ ಬಂದಿರುತ್ತೆ.”

“ಹಾಗಾದ್ರೆ ತಪ್ಪು ಯಾರದು?”

“ಇಲಿದೇನ್ರೀ ತಪ್ಪು?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. “ದಪ್ಪಗಿದ್ದೀಯ, ಸಕ್ಕರೆ ಬರುತ್ತೆ” ಎಂದು ಅಮ್ಮ ನಿನ್ನಿಂದ ಸಿಹಿ ಡಬ್ಬಿ ಬಚ್ಚಿಟ್ಟು, ಅದನ್ನೇ ನನ್ನ ತಟ್ಟೆಗೆ ಸುರಿಯುತ್ತಿದ್ದಳಲ್ಲ! ಕೆಲಸಕ್ಕೆ ಸೇರುವಾಗ ನನ್ನ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡಿದ್ದರು, ಇವತ್ತು ಫಲಿತಾಂಶ ಬಂತು. ಸಕ್ಕರೆ ನನಗಿದೆ. ಗಾಬರಿಯಾಗಬೇಡ, ಮಾತ್ರೆ ಕೊಟ್ಟಿದ್ದಾರೆ. ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ. ಕಾರ್ಡಿನಲ್ಲಿ ಜಾಗ ಮುಗಿಯಿತು. ಡಬ್ಬಿಯನ್ನು ಇನ್ನು ಯಾರಿಂದ ಬಚ್ಚಿಡುತ್ತಾಳೋ, ಅಮ್ಮನನ್ನೇ ಕೇಳಿ ಬರೆ.

ನಿನ್ನ ತಂಗಿ,
ಒಣಕಡ್ಡಿ