ಒಡಪು ಕದ್ದ ಸುವರ್ಣಾಗೆ

ಸುವರ್ಣಾ,

ನಾನು ಕ್ಷೇಮ; ನಿನ್ನ ಕ್ಷೇಮ ಕೇಳುವುದಿಲ್ಲ. ಈ ಪತ್ರ ಕಳಿಸುವುದೂ ಇಲ್ಲ. ಕಳಿಸಿದರೆ ಇದನ್ನೂ ನಿನ್ನ ಹೆಸರಿನಲ್ಲಿ ಅಚ್ಚು ಹಾಕಿಸುತ್ತೀ.

ಗಂಡನ ಹೆಸರು ಹೇಳಲು ನಾನು ಕಟ್ಟಿದ ಒಡಪುಗಳ ವಹಿಯನ್ನು ನೀನು ಓದಲು ಒಯ್ದು ನಿನ್ನ ಪುಸ್ತಕ ಮಾಡಿದೆ. ಎಲ್ಲ ಒಡಪಿನಲ್ಲೂ ನನ್ನ ಗಂಡನ ಹೆಸರು ತೆಗೆದು ನಿನ್ನ ಗಂಡನದು ತುರುಕಿದೆ. ಒಂದರಲ್ಲಿ ಮಾತ್ರ ಮರೆತೆ:

‘ಗುಡ್ಡದ ಮ್ಯಾಲ ಗಾಳಿ ಭಾಳ ಬಿರುಸ,
ಫಕೀರೇಶರು ಸಿಟ್ಟಾದ್ರೂ ನನ್ನ ಮುಂದ ಕೂಸ.’

ಪರರ ಗಂಡನ ಹೆಸರನ್ನು ಒಡಪಿಟ್ಟು ಹೇಳಿದ ಮೊದಲ ಗರತಿ ನೀನೇ! ಕೇಳಿದವರಿಗೆ ಅಚ್ಚಿನ ತಪ್ಪು ಎಂದೆಯಂತೆ.

ನಾನು ಟೈಪ್ ಮಾಡಿಟ್ಟ ಫೈಲು ಮನೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಅದು ಆನ್ ಆಗುವುದನ್ನೇ ಬಿಟ್ಟಿತ್ತು. ನಿನ್ನೆ ಗಜೇಂದ್ರಗಡದಲ್ಲಿ ರಿಪೇರಿ ಮಾಡುವ ಮಾಳಪ್ಪನಲ್ಲಿಗೆ ಒಯ್ದೆ.

“ಫಾರ್ಮ್ಯಾಟ್ ಹೊಡೀಬೇಕ್ರಿ ಅಕ್ಕಾರ. ಒಳಗಿಂದೆಲ್ಲಾ ಹೋಗ್ತೈತಿ.”

“ಮೊದಲ ಡಿಸ್ಕ್ ಬಿಚ್ಚಿ, ನಿಮ್ಮ ಮಿಷಿನಿಗೆ ಹಚ್ಚಿ, ಫೈಲ್ ತಗದಿಡ್ರಿ. ಆಮ್ಯಾಲ ಏನರ ಹೊಡೀರಿ.”

“ಅಂಥಾದ್ದೇನೈತ್ರಿ ಅದರಾಗ?”

“ಒಬ್ಬಾಕಿ ಕಳ್ಳಿ ಅದಾಳ.”

ಸಂಜೆಗೆ ಎಲ್ಲ ಸಿಕ್ಕಿತು, ತಾರೀಖಿನ ಸಮೇತ. ನೂರಾ ಹನ್ನೆರಡು ಒಡಪು. ಆ ಗಾಳಿಯ ಒಡಪಿನ ಕೆಳಗೆ ಮಾತ್ರ ನಾನೇ ಟೈಪ್ ಮಾಡಿದ್ದೆ: ‘ನನ್ನ ಲಗ್ನಕ್ಕೆ ಸುವರ್ಣಾ ಕಟ್ಟಿಕೊಟ್ಟದ್ದು.’

“ಎಲ್ಲಾ ನಿಮ್ಮವ ಅಲ್ರಿ?” ಎಂದ ಮಾಳಪ್ಪ.

ಪ್ರಿಂಟರ್ ಎಲ್ಲಿದೆ ಎಂದು ಕೇಳಿದೆ.

ಅದೊಂದು ಬಿಟ್ಟು ನೂರಾ ಹನ್ನೊಂದನ್ನೂ ಪ್ರಿಂಟ್ ತೆಗೆಸಿದ್ದೇನೆ. ನಾಡಿದ್ದು ನರೇಗಲ್ಲಿನಲ್ಲಿ ನಿನಗೆ ಸನ್ಮಾನವಂತೆ. ನಿನ್ನ ಕೊರಳಿಗೆ ಹಾರ ಬೀಳುವ ಹೊತ್ತಿಗೆ ಕೂತವರೆಲ್ಲರ ಕೈಯಲ್ಲೂ ಒಂದೊಂದು ಪ್ರತಿ ಇರುತ್ತದೆ.