ತಪ್ಪಿದ ಒಂದು ಹೊತ್ತು

ಮಾರ್ಚ್ ೧೧, ಮಂಗಳವಾರ

ಮಗುವಿಗೆ ಪೆಟ್ಟಾಗಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ರಕ್ತದಲ್ಲಿ ಸಕ್ಕರೆ ಅಂಶ ಇಳಿಯದಂತೆ ಮೂರು ಗಂಟೆಗೊಮ್ಮೆ ಏನಾದರೂ ತಿನ್ನಬೇಕು, ಖಾಲಿ ಹೊಟ್ಟೆಗೆ ಸಿಹಿ ಚಹಾ ಕೂಡದು ಎಂದಿದ್ದರು ಡಾಕ್ಟರು. ತಿಂಗಳಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಇವತ್ತೂ ಮೊಟ್ಟೆ ಬೇಯಿಸಿ, ಸುಲಿದು ಇಟ್ಟಿದ್ದೆ. ಅಷ್ಟರಲ್ಲಿ ಮೊಮ್ಮಗಳು ಹಸಿದು ರಚ್ಚೆ ಹಿಡಿದಳು. ಮೊದಲು ಅವಳಿಗೆ ಉಣ್ಣಿಸಿ ಆಮೇಲೆ ತಿಂದರಾಯಿತು ಎಂದುಕೊಂಡೆ. ಉಣ್ಣಿಸುತ್ತಿದ್ದಂತೆಯೇ ಮೈಯೆಲ್ಲ ಬೆವೆತಿತು, ಕಣ್ಣಿಗೆ ಕತ್ತಲೆ ಕವಿಯಿತು. ಅವಳನ್ನು ಅವುಚಿಕೊಂಡು ಗೋಡೆಗೊರಗಿ ಕುಸಿದೆ. ಅವಳ ಅಳು ಕೇಳಿ ಪಕ್ಕದ ಮನೆಯಾಕೆ ಓಡಿಬಂದು ನನಗೆ ಸಕ್ಕರೆ ನೀರು ಕುಡಿಸಿದಳು.

ಸಂಜೆ ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಅಮ್ಮಾ, ನಿನ್ ಮೇಲೆ ಸಿಟ್ಟಿಲ್ಲ. ಆದ್ರೆ ನಾಳೆಯಿಂದ ಪಾಪೂನ ಡೇ ಕೇರ್‌ಗೆ ಬಿಡ್ತೀನಿ."

"ಒಂದೇ ದಿನ ತಪ್ಪಿದ್ದು ಕಣೇ."

"ಆ ಒಂದ್ ದಿನ ಸಾಕಲ್ಲಮ್ಮಾ."

ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಮಗುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದೆ. ಎಡಗಡೆ ಹೊರಳಿಸಿ ಬೆನ್ನು ತಟ್ಟಿದರಷ್ಟೇ ಅವಳಿಗೆ ನಿದ್ದೆ ಬರುವುದು. ಅಲ್ಲಿಯವರಿಗೆ ಅದನ್ನು ಹೇಳಬೇಕು. ಹೇಳಿದರೂ ಅಷ್ಟು ಮಕ್ಕಳ ನಡುವೆ ಅವರು ಇವಳೊಬ್ಬಳ ಪಕ್ಕದಲ್ಲಿ ಕೂತು...